ಹಳ್ಳದ ದಂಡೆಯ ನಕಾಶೆ

ಕಳೆದ ಭಾನುವಾರ ಅವ್ವ ಹಿತ್ತಲಲ್ಲಿ ಕೂತು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಪೊಟ್ಟಣ ಒಡೆದು ಕಲಸಿದ್ದೇ ತಡ, ಅಮೋನಿಯಾದ ಖಾರ ವಾಸನೆ ಮೂಗಿಗೆ ಬಡಿಯಿತು. “ನಿಂಗ ಆಗೂದಿಲ್ಲ, ಒಳಗ ಹೋಗ” ಎಂದಳು. ನಾನು ಹೋಗಲಿಲ್ಲ. ಅಲ್ಲೇ ನಿಂತೆ... ನನ್ನ ಮಟ್ಟಿಗೆ ಅದು ತಲೆಬಣ್ಣದ ವಾಸನೆಯಲ್ಲ, ಪಕ್ಕದ ಮನೆಯ ಕಾಕಾನದು.

ಕಾಕಾ ಸರಕಾರಿ ಕಚೇರಿಯಲ್ಲಿ ನಕಾಶೆ ಬರೆದು ನಿವೃತ್ತರಾದವರು. ಮೂಡಲಗಿಯ ಅಂಚಿನ ನಮ್ಮ ಹೊಸ ಬಡಾವಣೆಯಲ್ಲಿ ಜನ ಮೊಬೈಲಿನಲ್ಲೇ ನೆಲ ಅಳೆಯುತ್ತಿದ್ದರೂ ಅವರು ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ನಕಲು ತೆಗೆಯಲು, ಬರೆದ ಹಾಳೆಯನ್ನು ಮದ್ದು ಹಚ್ಚಿದ ಹಳದಿ ಕಾಗದದ ಮೇಲಿಟ್ಟು, ಗಾಜು ಮುಚ್ಚಿ, ಮಾಳಿಗೆಯ ಬಿಸಿಲಿಗೆ ಹಿಡಿಯುತ್ತಿದ್ದರು. ಆಮೇಲೆ ಆ ಕಾಗದವನ್ನು ಸುರುಳಿ ಸುತ್ತಿ, ಅಮೋನಿಯಾ ಬಟ್ಟಲಿನ ಮೇಲೆ ನಿಲ್ಲಿಸಿದ ಪೈಪಿನೊಳಗೆ ಇಳಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಾಗದದ ಮೇಲೆ ನೀಲಿ ಗೆರೆ ಮೂಡುತ್ತಿತ್ತು, ಅಕ್ಕಪಕ್ಕದ ಮನೆಯವರ ಕಣ್ಣಲ್ಲಿ ನೀರು.

ನಾನಾಗ ಗೋಕಾಕದ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯ ಹುಚ್ಚು. ಸಂಜೆ ಬಸ್ಸಿಳಿದು ಬಂದರೆ ಕಾಕಾ ಕಟ್ಟೆಯ ಮೇಲಿಂದಲೇ ಕೆಣಕುತ್ತಿದ್ದರು.

“ಏನ್ರಿ ವಕೀಲ್ರ, ಇವತ್ತ ಯಾರ್ನ ಸೋಲಿಸಿ ಬಂದ್ರಿ?”

“ಯಾರೂ ಸಿಗಲಿಲ್ರಿ ಕಾಕಾ. ಅದಕ್ಕ ನಿಮ್ಮ ಕಡೆ ಬಂದೇನಿ.”

ಒಳಗಿಂದ ಅವರ ಹೆಂಡತಿ, ನಮ್ಮ ಕಾಕು, ನಗುತ್ತಿದ್ದರು. ಕಾಕುಗೆ ಕಣ್ಣು ಮಂಜಾಗುತ್ತ ಬಂದಿತ್ತು. ಆದರೂ ಪ್ರತಿ ಸೋಮವಾರ ಹಳೆ ಊರಿನ ತಂಗಿಯ ಮನೆಗೆ ಒಬ್ಬರೇ ನಡೆದು ಹೋಗುತ್ತಿದ್ದರು. ಒಂದು ಸುಗ್ಗಿಯಲ್ಲಿ ಕಬ್ಬಿನ ಟ್ರೇಲರಿನಿಂದ ಹೊರಚಾಚಿದ ಗಳ ಹೆಗಲಿಗೆ ತಾಗಿ ರಸ್ತೆಯ ಬದಿಗೆ ಬಿದ್ದರು. ಗಾಯ ಸಣ್ಣದು. ಆದರೆ ಅವತ್ತಿನಿಂದ ಹೊಸ್ತಿಲು ದಾಟಲಿಲ್ಲ. ಕಾಕಾ ಹಳ್ಳದ ದಂಡೆಯ ನಕಾಶೆ ಹಿಡಿದು ಕೂತದ್ದು ಆಮೇಲೆ.

ಬಡಾವಣೆಯಿಂದ ಹಳೆ ಊರಿಗೆ ಹಳ್ಳದ ದಂಡೆಗುಂಟ ಒಂದು ಕಾಲುದಾರಿ, ನಡುವೆ ಒಂದು ಸಣ್ಣ ಉದ್ಯಾನ, ಹನ್ನೆರಡು ಹೆಜ್ಜೆಗೊಂದು ಬೇವಿನ ಗಿಡ. ಹನ್ನೆರಡು ಯಾಕೆ ಎಂದು ಕೇಳಿದ್ದೆ. ಅಷ್ಟು ನಡೆದ ಮೇಲೆ ಕಾಕುಗೆ ಕೈಗೆ ಏನಾದರೂ ಸಿಗಬೇಕಂತೆ. ದಾರಿ ಗುರುತಿಸಲು ಕಾಕಾ ಕುರಿಗಾರರ ಹಿಂದೆ ಎಷ್ಟೋ ದಿನ ನಡೆದರು. “ಕುರಿಗೆ ಇಂಜಿನಿಯರ್ ಬೇಕಾಗಿಲ್ಲ ತಂಗಿ. ಏರು ಎಲ್ಲಿ ಕಡಿಮಿ ಐತಿ, ಅಲ್ಲೇ ನಡೀತಾವ. ನಿಮ್ಮ ಕಾಕುಗೂ ಅಂಥಾ ದಾರೀನ ಬೇಕು.”

ಈ ನಕಾಶೆಯ ಬಗ್ಗೆ ಬಡಾವಣೆಯವರು ಸಭೆ ಕರೆದರು. ಕೇಳಲು ಒಬ್ಬ ಅಧಿಕಾರಿಯೂ ಬಂದಿದ್ದರು. ನಾನು ವಿರೋಧಿಸಿ ಮಾತಾಡಿದೆ. ಚರಂಡಿಯೇ ಇಲ್ಲದ ಬಡಾವಣೆಗೆ ಮೊದಲು ಚರಂಡಿ ಬೇಕು, ಉದ್ಯಾನ ಆಮೇಲೆ ಎಂದೆ. ಆ ವಾದದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಅಲ್ಲಿಗೇ ಕೂತಿದ್ದರೆ ಆಗುತ್ತಿತ್ತು. ಆದರೆ ಎದುರಿನವರು ತಡವರಿಸುವಾಗ ಕೂರಬಾರದು ಎಂಬುದು ನಾನು ಕಲಿತ ಪಾಠ.

“ಕುರಿ ಹಾಕಿದ ಪ್ಲಾನಿಗೆ ಯಾವ ರೈತ ಹೊಲಾ ಬಿಡ್ತಾನ್ರಿ? ಒಬ್ಬ, ಒಬ್ಬನ ಒಬ್ಬ ರೈತನ ಸಹಿ ತೋರಸ್ರಿ ಕಾಕಾ!”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಕಾಕಾನ ಕೈ ಹೆಗಲಚೀಲದೊಳಗೆ ಹೋಯಿತು. ಒಮ್ಮೆ ನನ್ನ ಮುಖ ನೋಡಿದರು. ಕೈ ಬರಿದಾಗಿಯೇ ಹೊರಗೆ ಬಂತು. “ತಂಗಿ ಚೊಲೋ ಮಾತಾಡ್ತಾಳ” ಎಂದಷ್ಟೇ ಹೇಳಿ ನಕಾಶೆ ಸುತ್ತಿದರು. ಜನರ ವಿರೋಧವಿದೆ ಎಂದು ಅಧಿಕಾರಿ ಬರೆದುಕೊಂಡರು.

ಮರುದಿನ ಕಟ್ಟೆಯ ಮೇಲೆ ಅದೇ ಕಾಕಾ. “ಗೆದ್ರಲ್ರಿ ವಕೀಲ್ರ, ಕರದಂಟ ಎಲ್ಲಿ?” ನಾನು ಗೋಕಾಕದಿಂದ ತಂದುಕೊಟ್ಟೆ. ತಿಂದರು... ಅರ್ಧ ಮುರಿದು ಕಾಕುಗೂ ಕೊಟ್ಟರು.

ಮುಂದಿನ ವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡರು. ಕೆಲವು ತಿಂಗಳು ಕಳೆದ ಮೇಲೆ ಕಾಕು ನನ್ನನ್ನು ಕರೆದು, “ಈ ಸುರುಳಿ ನನಗೇನ ಕಾಣ್ತಾವು? ಓದಿದಾಕಿ ನೀ, ಒಯ್ಯಿ” ಎಂದರು. ಆ ಹೆಗಲಚೀಲವೂ ಜೊತೆಗಿತ್ತು. ಅದರೊಳಗೆ ಮಡಚಿಟ್ಟ ಒಂದು ಕಾಗದ. ದಾರಿಗಾಗಿ ಹೊಲದ ಅಂಚು ಬಿಟ್ಟುಕೊಡಲು ಮೂವರು ರೈತರ ಒಪ್ಪಿಗೆ. ಮೊದಲನೆಯ ಸಹಿ ನನ್ನ ಅಪ್ಪನದು.

ಹಳ್ಳದ ದಂಡೆಯಲ್ಲಿ ನಮ್ಮದೂ ಹೊಲವಿದೆ ಎಂಬುದು ಸಭೆಯಲ್ಲಿ ನನ್ನ ತಲೆಗೇ ಬಂದಿರಲಿಲ್ಲ. ಅಪ್ಪ ಆ ದಿನ ಕಲ್ಲೋಳಿಗೆ ಹೋಗಿದ್ದ. ಕಾಗದ ಮುಂದೆ ಹಿಡಿದು ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ.

“ನೀ ನನ್ನ ಕೇಳಿದ್ದೇನ?” ಎಂದ.

ಕಾಕಾ ಕಾಗದವನ್ನು ಮರೆತಿರಬೇಕು ಎಂದೆ. ಚೀಲದೊಳಗೆ ಕೈಗೆ ಸಿಕ್ಕಿರಲಿಕ್ಕಿಲ್ಲ ಎಂದೆ. ಪುರಾವೆ ಸಾಲದು ಎಂದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ.

“ಮರುದಿನಾನ ನನ್ನ ಕಡೆ ಬಂದಿದ್ದಾ. ಅಪ್ಪನ ಸಹಿ ತೋರಿಸಿ ಮಗಳ ಮಾರಿ ನಾಕ ಮಂದ್ಯಾಗ ಯಾಕ ಸಣ್ಣದ ಮಾಡ್ಲಿ, ಕಾಗದಾ ಮುಂದ ಕೊಟ್ರಾತು ಅಂದಾ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದಾ. ಅವಾ ತಿರಗಿ ಅರ್ಜಿ ಬರಿಯೂದ್ರಾಗ ಬಾಜೂದ ಎರಡೂ ಹೊಲಾ ಪ್ಲಾಟ್ ಆದೂ.”

ಮೊದಲಿದ್ದ ಹಾಗೇ ಕಾಗದ ಮಡಚಿ ಚೀಲದೊಳಗಿಟ್ಟೆ.

ಕಳೆದ ಭಾನುವಾರ, ಬಣ್ಣ ಒಣಗಲೆಂದು ಅವ್ವ ಬಿಸಿಲಿಗೆ ಕೂತಳು. ನಾನು ಕಾಕುವಿನ ಮನೆಗೆ ಹೋದೆ. ಈಗ ಭಾನುವಾರಕ್ಕೊಮ್ಮೆ ಅವರ ಕೈ ಹಿಡಿದು ಹಳ್ಳದ ದಂಡೆಗೆ ಹೋಗುತ್ತೇನೆ. ನಮ್ಮ ಹೊಲದ ಅಂಚನ್ನು ಅಪ್ಪ ಬಿಟ್ಟೇ ಇಟ್ಟಿದ್ದಾನೆ. ಅದರಗುಂಟ ನಾನು ಬೇವಿನ ಸಸಿ ಹಚ್ಚಿದ್ದೇನೆ. ಕಾಕು ಬಾಯಲ್ಲೇ ಎಣಿಸುತ್ತ ನಡೆಯುತ್ತಾರೆ. ಹನ್ನೆರಡಕ್ಕೆ ಕೈ ಚಾಚುತ್ತಾರೆ. ಸಸಿ ಇನ್ನೂ ಮೊಣಕಾಲೆತ್ತರ, ಕೈಗೆ ಸಿಗುವುದಿಲ್ಲ. ಸಭೆಯ ಮಾತನ್ನು ಅವರು ಒಂದು ದಿನವೂ ಎತ್ತಿಲ್ಲ. ಎತ್ತಿದ್ದರೆ ವಾದವನ್ನಾದರೂ ಮಾಡಬಹುದಿತ್ತು.

ಹೊಲ ಮುಗಿದಲ್ಲಿ ಪ್ಲಾಟುಗಳ ತಂತಿಬೇಲಿ. ಅದರಾಚೆ ಹಳೆ ಊರಿನ ಮನೆಗಳು ಕಾಣುತ್ತವೆ, ನನಗೆ. ಆ ಭಾನುವಾರವೂ ಅಲ್ಲಿಗೆ ಬಂದು ನಿಂತೆವು.

“ಇನ್ನೂ ಮುಂದ ಐತೇನ ತಂಗಿ?” ಎಂದು ಕಾಕು ಕೇಳಿದರು.

“ಇಲ್ರಿ ಕಾಕು” ಎಂದೆ.

ತಿರುಗಿ ನಡೆದೆವು. ಕಾಕು ಮತ್ತೆ ಒಂದರಿಂದ ಎಣಿಸತೊಡಗಿದರು.