ಸಾಹುಕಾರರ ಸೀನು ಮತ್ತು ನಮ್ಮೂರ ಮೇಳ

ನಮ್ಮೂರ ಮೇಳ ಕುಮಟೆಗೆ ಹೋಗದೆ ಉಳಿದದ್ದು ದೇವರ ಅಪ್ಪಣೆಯಿಂದಲ್ಲ. ಒಂದು ಚಿಟಿಕೆ ನಶ್ಯದಿಂದ, ಮತ್ತೆ ನಮ್ಮ ಅತ್ತೆ ಹುರಿದ ಒಣಮೆಣಸಿನಿಂದ. ಊರಲ್ಲಿ ಈಗಲೂ ಬೇರೆ ಥರ ಹೇಳುವವರಿದ್ದಾರೆ. ಅವರಲ್ಲಿ ಅರ್ಧ ಜನ ಆಗ ಹುಟ್ಟಿರಲೇ ಇಲ್ಲ. ಉಳಿದರ್ಧ ಜನ ಊಟಕ್ಕೆ ಎಲೆ ಹಾಕಿದರೋ ಇಲ್ಲವೋ ಎಂದು ಅಡುಗೆಮನೆಯ ಕಡೆ ನೋಡುತ್ತಿದ್ದರು. ನಾನು ಮಾತ್ರ ನೋಡಬೇಕಾದ್ದನ್ನೇ ನೋಡುತ್ತಿದ್ದೆ. ನನ್ನ ಮನೆಯಲ್ಲಿ ಮುಂದೆ ಅನ್ನ ಬೇಯುವುದೋ ಬರೀ ನೀರು ಬೇಯುವುದೋ ಎಂಬುದು ಆ ದಿನ ತೀರ್ಮಾನವಾಗುವುದಿತ್ತು.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ದಾಟಿದರೆ ನಮ್ಮೂರು. ಊರ ಗಣಪತಿಯ ಹೆಸರಿನಲ್ಲಿ ಒಂದು ಯಕ್ಷಗಾನ ಮೇಳ ಇತ್ತು. ದೀಪಾವಳಿ ಕಳೆದು ಹೊರಟರೆ ಮಳೆ ಬೀಳುವವರೆಗೆ ಊರೂರು ತಿರುಗಿ ಆಟ ಆಡುತ್ತಿದ್ದರು. ಯಾರಾದರೂ ಹರಕೆ ಹೊತ್ತು ಕರೆದರೆ ಆಟ ಉಂಟು, ಕರೆಯದಿದ್ದರೆ ಇಲ್ಲ. ಕರೆದವರು ಅಷ್ಟೂ ಜನಕ್ಕೆ ಊಟ ಹಾಕಬೇಕು, ಗ್ಯಾಸ್‌ಲೈಟಿಗೆ ಎಣ್ಣೆ ಕೊಡಬೇಕು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅಕ್ಕಿಗೆ ರೇಷನ್ ಬಂತು, ಚಿಮಣಿ ಎಣ್ಣೆ ಕಾಣದಾಯಿತು. ಜನರ ಹರಕೆಗಳೂ ಸಣ್ಣವಾದವು. ಮೊದಲು ಮಗುವಿನ ಜ್ವರ ಬಿಟ್ಟರೆ ಆಟ ಆಡಿಸುತ್ತೇನೆ ಎನ್ನುತ್ತಿದ್ದವರು ಈಗ ಒಂದು ಕಾಯಿ ಒಡೆಸುತ್ತೇನೆ ಎನ್ನತೊಡಗಿದರು. ದೇವರು ಕಾಯಿಗೂ ಜ್ವರ ಬಿಡಿಸಿದ. ಮೇಳಕ್ಕೆ ಹೊಡೆತ ಬಿದ್ದದ್ದೇ ಅಲ್ಲಿ.

ಹಿಂದಿನ ವರ್ಷ ಭಟ್ಕಳದ ಹತ್ತಿರ ಒಂದು ಗದ್ದೆಯಲ್ಲಿ ಆಡಿದಾಗ ರಂಗದ ಮೇಲಿದ್ದಷ್ಟು ಜನ ಎದುರಿಗಿರಲಿಲ್ಲವಂತೆ. ಕೌರವ ಸತ್ತು ಬಿದ್ದವನು ಎದ್ದು ಬಂದು ಮುಂದೆ ಕೂತು ಉಳಿದ ಆಟ ನೋಡಿದನಂತೆ, ಜಾಗ ಖಾಲಿ ಇತ್ತಲ್ಲ ಎಂದು.

ನನ್ನ ಗಂಡ ಆ ಮೇಳದ ಸ್ತ್ರೀವೇಷಧಾರಿ. ದ್ರೌಪದಿ, ಸುಭದ್ರೆ ಎಲ್ಲ ಅವರೇ. ಸೊಂಟದವರೆಗೆ ಕೂದಲು. ಆಟವಿಲ್ಲದೆ ಮನೆಯಲ್ಲಿ ಕೂತರೆ ಗದ್ದೆಗೆ ಇಳಿಯುವಂತಿಲ್ಲ, ಬಿಸಿಲಿಗೆ ಮುಖ ಕಪ್ಪಾಗುತ್ತದೆ. ಕಟ್ಟಿಗೆ ಒಡೆಯುವಂತಿಲ್ಲ, ಕೈ ದೊರಗಾಗುತ್ತದೆ. ನನ್ನ ತಲೆಗೆ ಇಟ್ಟ ತೆಂಗಿನೆಣ್ಣೆ ಅವರ ತಲೆಗೇ ಹೋಗುತ್ತಿತ್ತು. ಇಷ್ಟು ಸಾಲದೆಂಬಂತೆ ನಾನು ಕೊಡ ಹೊತ್ತು ಬರುವಾಗ ಜಗಲಿಯಲ್ಲಿ ಕೂತು, "ನೀ ನಡೆಯೂದು ಭೀಮ ನಡೆದ ಹಂಗೆ. ಹೆಂಗಸಿನ ನಡಿಗೆ ಅಲ್ವೇ ಅಲ್ಲ" ಎನ್ನುತ್ತಿದ್ದರು.

"ಕೊಡ ನೀವು ಹೊರಿ. ನಾ ಕೂತು ನೋಡಿ ಕಲೀತೆ" ಎನ್ನುತ್ತಿದ್ದೆ.

ಅತ್ತೆ ನೆರೆಮನೆಯವರ ಹತ್ತಿರ ಹೇಳುತ್ತಿದ್ದರು: "ನಮ್ಮನೇಲಿ ಎರಡು ಸೊಸೆ ಉಂಟು. ಕೆಲಸ ಮಾಡೂದು ಒಂದೇ."

ಹೀಗಿರುವಾಗ ಕುಮಟೆಯಿಂದ ಒಬ್ಬ ಸಾಹುಕಾರರು ಬಂದರು. ಅಕ್ಕಿ, ಬೆಲ್ಲ, ಎಣ್ಣೆಯ ವ್ಯಾಪಾರದವರು. ಅವರಿಗೆ ಯಕ್ಷಗಾನದ ಹುಚ್ಚು ಇತ್ತು, ಅದಕ್ಕಿಂತ ಹೆಚ್ಚು ನಶ್ಯದ ಹುಚ್ಚು ಇತ್ತು. ಮೇಳವನ್ನು ತನಗೆ ಕೊಡಿ ಎಂದರು. ಕುಮಟೆ ಪೇಟೆಯ ಹತ್ತಿರ ನಾಟಕದವರ ಹಾಗೆ ಡೇರೆ ಹಾಕುತ್ತೇನೆ, ಟಿಕೆಟ್ ಇಡುತ್ತೇನೆ, ಆಟ ಇರಲಿ ಇಲ್ಲದಿರಲಿ ವೇಷದವರ ಮನೆಮನೆಗೆ ತಿಂಗಳ ಅಕ್ಕಿ ಕಳಿಸುತ್ತೇನೆ ಎಂದರು. ಆದರೆ ಮೇಳದ ಜೊತೆ ದೇವರನ್ನು ಇಟ್ಟು ಒಯ್ಯುವ ಪೆಟ್ಟಿಗೆ ಕುಮಟೆಗೆ ಬರಬೇಕು, ಮೇಳದ ಹೆಸರೂ ಕುಮಟೆಯದಾಗಬೇಕು. ಪೆಟ್ಟಿಗೆ ಎಲ್ಲಿರುತ್ತದೋ ಮೇಳ ಆ ಊರಿನದು, ಅದು ನಮ್ಮ ಕಡೆಯ ಕ್ರಮ.

ತಿಂಗಳ ಅಕ್ಕಿ ಎಂಬ ಮಾತು ಕಿವಿಗೆ ಬಿದ್ದಾಗಲೇ ನಾನು ಮನಸ್ಸಿನಲ್ಲಿ ಪೆಟ್ಟಿಗೆಯನ್ನು ದೋಣಿ ಹತ್ತಿಸಿ ಆಗಿತ್ತು. ನನ್ನ ಗಂಡನಿಗೂ ಹೋಗುವ ಆಸೆ. ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ. ರಂಗದ ಮೇಲೆ ದ್ರೌಪದಿಯಾಗಿ ಐದು ಗಂಡಂದಿರನ್ನೂ ಬೈಯುವವರು ಊರವರ ಎದುರು ಬೆಕ್ಕಿನ ಮರಿ.

ದೇವಸ್ಥಾನದ ಅಂಗಳದಲ್ಲಿ ಊರು ಸೇರಿತು. ಮೇಳದ ಯಜಮಾನರು ನಮ್ಮೂರ ಜಮೀನುದಾರರು, ಒಳ್ಳೆಯವರು, ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಎನ್ನುವ ಸ್ವಭಾವ. ಅವರು ಬಾಯಿ ಬಿಡುವ ಮೊದಲೇ ಗಲಾಟೆ ಎದ್ದಿತು. ಕಿರಾಣಿ ಅಂಗಡಿಯವನು ಎಲ್ಲರಿಗಿಂತ ಜೋರು.

"ನಮ್ಮಜ್ಜನ ಕಾಲದ ಮೇಳ! ಅದು ಹೋದ್ರೆ ಊರಿನ ಮೂಗು ಕೊಯ್ದ ಹಂಗೆ! ಪ್ರಾಣ ಕೊಡ್ತೆ, ಮೇಳ ಕೊಡ್ತಿಲ್ಲ!"

ಮೇಳದ ಪದ ಹೇಳುವ ಭಾಗವತರಿಗೆ ವಯಸ್ಸಾಗಿತ್ತು, ಅವರ ಸಿಟ್ಟಿಗೆ ಮಾತ್ರ ಆಗಿರಲಿಲ್ಲ. ಅವರು ಕೂತಲ್ಲಿಂದಲೇ ಕೇಳಿದರು: "ಪ್ರಾಣ ಬೇಡ ಮಾರಾಯ. ಈ ವರ್ಷ ನಿನ್ನ ಮನೆ ಅಂಗಳದಲ್ಲಿ ಒಂದು ಆಟ ಆಡ್ಸ್ತ್ಯನ?"

"ಈ ವರ್ಷ ಮನೆ ಮಾಡಿಗೆ ಹುಲ್ಲು ಹೊದೆಸೂದು ಉಂಟು."

"ಹೋದ ವರ್ಷ?"

"ಹೋದ ವರ್ಷ ಎಮ್ಮೆ ಸತ್ತು ಹೋತು."

"ಅದರ ಹಿಂದಿನ ವರ್ಷ ಎಂತ ಸತ್ತಿತ್ತು?"

ಜನ ನಕ್ಕರು. ಆದರೆ ನಕ್ಕವರೂ ಆಟ ಆಡಿಸಿದವರಲ್ಲ. ಮೇಳ ನಮ್ಮದು ಎಂದು ಕುತ್ತಿಗೆಯ ನರ ಉಬ್ಬಿಸಿದವರನ್ನೆಲ್ಲ ನಾನು ಒಬ್ಬೊಬ್ಬರಾಗಿ ನೋಡಿದೆ. ಯುದ್ಧ ಶುರುವಾದ ಮೇಲೆ ಮೇಳಕ್ಕೆ ಒಂದು ಸೇರು ಅಕ್ಕಿ ಅಳೆದ ಕೈ ಅಲ್ಲಿ ಒಂದೂ ಇರಲಿಲ್ಲ. ಮೇಳ ಇಟ್ಟುಕೊಳ್ಳುವುದು ಬೇಕು, ನೋಡುವುದು ಬೇಡ. ಕೆಲವರು ಮಕ್ಕಳನ್ನು ಸಾಕುವುದೂ ಹೀಗೆಯೇ.

ಕೊನೆಗೆ ಯಜಮಾನರು, "ದೇವರ ಹೆಸರಿನ ಮೇಳ, ದೇವರನ್ನೇ ಕೇಳ್ವ" ಎಂದರು. ಅಂದರೆ ಪ್ರಸಾದ ಕೇಳುವುದು. ಭಟ್ಟರು ಹೂವಿನ ಎಸಳನ್ನು ಒದ್ದೆ ಮಾಡಿ ದೇವರ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಮೇಳ ಇಲ್ಲೇ, ಎಡದ್ದು ಬಿದ್ದರೆ ಕುಮಟೆಗೆ ಎಂದು ಮಾತಾಯಿತು. ಸಾಹುಕಾರರೂ ಒಪ್ಪಿದರು.

ಭಟ್ಟರು ಎಸಳು ಅಂಟಿಸಿ ಪ್ರಾರ್ಥನೆ ಮಾಡಿ ಬಾಗಿಲ ಪಕ್ಕ ಕೂತರು. ಎಲ್ಲರೂ ದೇವರನ್ನೇ ನೋಡುತ್ತ ಕೂತೆವು. ಎಸಳು ಬೀಳಲಿಲ್ಲ. ಬಿಸಿಲು ಮೆಟ್ಟಿಲಿಗೆ ಬಂತು, ಎಸಳು ಬೀಳಲಿಲ್ಲ. ಎಡದ ಎಸಳಿನ ತುದಿ ಸ್ವಲ್ಪ ಸಡಿಲವಾದ ಹಾಗೆ ಕಂಡಿತು. ಗಂಡ ಕಂಬದ ಹಿಂದಿನಿಂದ ಕಣ್ಣು ಮುಚ್ಚಿ ಕೈ ಮುಗಿದಿದ್ದರು, ಸ್ವಯಂವರದ ದಿನ ದ್ರೌಪದಿ ನಿಂತ ಹಾಗೆ.

ಸಾಹುಕಾರರಿಗೆ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಸರಿದು ಬಗ್ಗಿ ನೋಡಿದರು. ಜೀವ ಕೈಯಲ್ಲಿ ಹಿಡಿದವರು ಅಭ್ಯಾಸಬಲದಿಂದ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿಯೇ ಬಿಟ್ಟರು. ಆಮೇಲೆ ಆದದ್ದು ಸೀನಲ್ಲ, ತೇರಿನ ದಿನ ಸಿಡಿಸುವ ಗರ್ನಾಲು. ದೀಪ ಆರಿತು. ಬಲದ ಎಸಳು ಬಿತ್ತು.

"ಬಿತ್ತು! ಬಲ ಬಿತ್ತು!" ಎಂದು ಅಂಗಡಿಯವನು ಹಾರಿದ.

"ದೇವರು ಬೀಳ್ಸಿದ್ದಲ್ಲ, ನನ್ನ ಸೀನು ಬೀಳ್ಸಿದ್ದು" ಎಂದರು ಸಾಹುಕಾರರು.

"ಸೀನು ಬರಿಸಿದ್ದು ಯಾರು? ದೇವರೇ ಅಲ್ದ?"

ಈಗ ಭಟ್ಟರು ಕೈ ಎತ್ತಿದರು. ನಮ್ಮಲ್ಲಿ ಒಂಟಿ ಸೀನು ಅಪಶಕುನ. ಮನೆಯಿಂದ ಹೊರಟವನೂ ಒಂಟಿ ಸೀನು ಕೇಳಿದರೆ ತಿರುಗಿ ಬಂದು ಕೂತು ನೀರು ಕುಡಿದು ಮತ್ತೆ ಹೊರಡಬೇಕು. ಜೋಡಿ ಸೀನಾದರೆ ದೋಷವಿಲ್ಲ. "ಒಂದೇ ಸೀನಾದ್ರೆ ಈ ಪ್ರಸಾದ ಕೆಟ್ಟ ಹಂಗೆ, ಮತ್ತೆ ಕೇಳೂದೇ ಸಮ. ಇನ್ನೊಂದು ಬಂದ್ರೆ ಇದೇ ಪ್ರಸಾದ ಗಟ್ಟಿ. ಬರ್ತನ ನೋಡ್ವ" ಎಂದರು.

ಅಷ್ಟು ಹೊತ್ತು ದೇವರನ್ನು ನೋಡುತ್ತಿದ್ದ ಊರು ಈಗ ತಿರುಗಿ ಸಾಹುಕಾರರ ಮೂಗನ್ನು ನೋಡಿತು. ಸಾಹುಕಾರರು ಶಲ್ಯದಿಂದ ಮೂಗನ್ನು ಬಿಗಿಯಾಗಿ ಹಿಡಿದುಕೊಂಡರು. ಮುಖ ಕೆಂಪಾಯಿತು, ಕಣ್ಣಿಂದ ನೀರಿಳಿಯಿತು.

ಯಜಮಾನರು ಮೆಲ್ಲಗೆ ಪಕ್ಕಕ್ಕೆ ಬಂದು ಕೂತರು. "ಸಾವ್ಕಾರ್ರೇ, ತಡೀಬೇಡಿ. ದೇಹಕ್ಕೆ ಒಳ್ಳೇದಲ್ಲ."

ಸಾಹುಕಾರರು ತಲೆ ಅಲ್ಲಾಡಿಸಿದರು.

"ಸೀನು ತಡೆದ್ರೆ ಕಿವಿ ತಮಟೆ ಹೋತು, ಸಾವ್ಕಾರ್ರೇ. ನನ್ನ ಭಾವಂಗೆ ಹಂಗೇ ಆದ್ದು" ಎಂದ ಅಂಗಡಿಯವನು. ಅವನ ಭಾವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಊರಿನ ಇನ್ನೊಬ್ಬನು, ಸಾಹುಕಾರರದೇ ನಶ್ಯದ ಡಬ್ಬಿ ತೆಗೆದು ವಿನಯದಿಂದ ಅವರ ಎದುರು ಹಿಡಿದ, ವೀಳ್ಯ ಕೊಡುವವನ ಹಾಗೆ. ಸಾಹುಕಾರರು ಒಂದು ಕೈಯಲ್ಲಿ ಅದನ್ನು ದೂಡಿದರು. ಇನ್ನೊಂದು ಕೈ ಮೂಗು ಬಿಡಲಿಲ್ಲ. ನಾನು ಮನಸ್ಸಿನಲ್ಲೇ, ಹಿಡಿದುಕೊಳ್ಳಿ ಪುಣ್ಯಾತ್ಮರೇ, ಹಿಡಿದುಕೊಳ್ಳಿ ಎನ್ನುತ್ತಿದ್ದೆ. ಆ ಗಳಿಗೆಯಲ್ಲಿ ನನ್ನ ಮಟ್ಟಿಗೆ ದೇವರೆಂದರೆ ಆ ಮೂಗೇ.

ನಿಧಾನಕ್ಕೆ ಅವರ ಮುಖದ ಕೆಂಪು ಇಳಿಯಿತು. ಸೀನು ಹೋಯಿತು ಎನಿಸಿತು. ಭಟ್ಟರು, "ಹಂಗಾರೆ ಮತ್ತೆ ಎಸಳು ತನ್ನಿ" ಎಂದರು. ಸಾಹುಕಾರರು ಶಲ್ಯ ತೆಗೆದು ದೊಡ್ಡದಾಗಿ ಉಸಿರು ಎಳೆದುಕೊಂಡರು.

ಆಗಲೇ ದೇವಸ್ಥಾನದ ಅಡುಗೆಮನೆಯಲ್ಲಿ ಅತ್ತೆ ಬಾಣಲೆಗೆ ಮೆಣಸು ಹಾಕಿದ್ದು. ಸೇರಿದ ಜನಕ್ಕೆ ಊಟಕ್ಕೆಂದು ಯಜಮಾನರು ಅವರನ್ನು ಅಡುಗೆಗೆ ಕೂರಿಸಿದ್ದರು. ಸಮುದ್ರದ ಕಡೆಯಿಂದ ಬಂದ ಗಾಳಿ ಆ ಘಾಟನ್ನು ಇಡಿಯಾಗಿ ಹೊತ್ತು ಅಂಗಳಕ್ಕೆ ಸುರಿಯಿತು. ಊರೆಲ್ಲ ಕೆಮ್ಮಿತು. ಸಾಹುಕಾರರು ಸೀನಿದರು.

ಭಟ್ಟರು ಒಂದು ಕ್ಷಣ ತಡಮಾಡಲಿಲ್ಲ, ಗಂಟೆ ಬಾರಿಸಿಯೇ ಬಿಟ್ಟರು. ಅದರ ಬೆನ್ನಿಗೆ ಸಾಹುಕಾರರು ಇನ್ನೂ ಎಷ್ಟೋ ಸೀನಿದರು. ಗಂಟೆ ಆದ ಮೇಲಿನದು ಲೆಕ್ಕಕ್ಕಿಲ್ಲ ಎಂದರು ಭಟ್ಟರು. ಅವರೂ ನಮ್ಮೂರವರೇ ಅಲ್ಲವೇ!

ಮೇಳ ಉಳಿಯಿತು. ಜನ ಹಿಗ್ಗಿ ಕೈ ಮುಗಿದರು, ಎಲೆ ತುಂಬ ಉಂಡರು. ಊಟ ಮುಗಿಯುವಾಗ ಭಾಗವತರು ಎದ್ದು ನಿಂತು, "ದೇವರ ಅಪ್ಪಣೆ ಆತು. ಈಗ ಮೊದಲ್ನೇ ಆಟ ಯಾರ ಮನೇಲಿ?" ಎಂದು ಕೇಳಿದರು. ಕೈ ತೊಳೆಯಲು ಹೋದವರು ಅಲ್ಲಿಂದಲೇ ಮನೆಗೆ ಹೋದರು. ಅಂಗಡಿಯವನಂತೂ ಕೈ ತೊಳೆಯಲೂ ನಿಲ್ಲಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. "ಅದೇ ಹೊತ್ತಿಗೆ ಮೆಣಸು ಎಂತಕ್ಕೆ ಹುರಿದ್ರಿ?"

"ಸಾರಿಗೆ ಮೆಣಸು ಹುರೀದೆ ಮಲ್ಲಿಗೆ ಹೂ ಹುರೀಬೇಕಿತ್ತನ?" ಎಂದರು.

ಗಂಡ ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಅಕ್ಕಿ ಮಡಕೆಗೆ ಕೈ ಹಾಕಿ ನೋಡಿದೆ. ಬೆರಳು ತಳಕ್ಕೆ ತಾಗಿತು. ಸಾಹುಕಾರರು ಕಣ್ಣುರಿ, ಮೂಗುರಿ ಎಂದು ಆ ದಿನ ಹೊಳೆ ದಾಟದೆ ಯಜಮಾನರ ಮನೆಯಲ್ಲೇ ಉಳಿದಿದ್ದಾರೆ, ಬೆಳಗಿನ ದೋಣಿಗೆ ಹೋಗುತ್ತಾರೆ ಎಂದು ನೆರೆಮನೆಯವಳು ಹೇಳಿದಳು.

ಮರುದಿನ ಬೆಳಗಾಗುತ್ತಲೇ ಎದ್ದು ಗಂಜಿ ಮಾಡಿದೆ. ಅವರ ಎರಡು ಪಂಚೆ, ಗೆಜ್ಜೆ, ಮುಖಕ್ಕೆ ಹಚ್ಚುವ ಬಣ್ಣ ಎಲ್ಲ ಒಂದು ಚಾದರಕ್ಕೆ ಕಟ್ಟಿದೆ. ಆಮೇಲೆ ಅವರನ್ನು ಎಬ್ಬಿಸಿದೆ.

"ಏಳಿ. ಕುಮಟೆಗೆ ಹೋಗೂದು."

"ದೇವ್ರೇ ಬೇಡ ಅಂದ್ನಲೆ."

"ಪೆಟ್ಟಿಗೆ ಹೋಗೂದು ಬೇಡ ಅಂದ. ನಿಮ್ಮ ಸುದ್ದಿ ಯಾರೂ ಕೇಳ್ಲೇ ಇಲ್ಲ."

ಅತ್ತೆ ಬಾಗಿಲಿಗೆ ಬಂದು ಗಂಟು ನೋಡಿದರು, ಮಗನನ್ನು ನೋಡಿದರು. "ಹೋಗ್ತ್ನನ?"

"ಹೋಗ್ತ್ರು."

"ಹಂಗಾರೆ ಸಂಜೆಗೆ ಒಂದು ಮುಷ್ಟಿ ಅಕ್ಕಿ ಕಮ್ಮಿ ಹಾಕು" ಎಂದು ಒಳಗೆ ಹೋದರು.

ದೋಣಿಯಲ್ಲಿ ಸಾಹುಕಾರರು ಆಗಲೇ ಕೂತಿದ್ದರು, ಮೂಗು ಊದಿ ಬದನೆಕಾಯಿಯಾಗಿತ್ತು. ನಾನು ಗಂಡನನ್ನು ಅವರ ಎದುರು ಕೂರಿಸಿ ಗಂಟನ್ನು ಮಡಿಲಿಗೆ ಹಾಕಿದೆ.

"ಸಾವ್ಕಾರ್ರೇ, ಪೆಟ್ಟಿಗೆ ದೇವರದು, ಇಲ್ಲೇ ಇರ್ಲಿ. ಇವರು ನಮ್ಮನೆಯವರು, ಕರ್ಕೊಂಡು ಹೋಗಿ. ಡೇರೆ ಹಾಕಿ, ಹೊಸ ಪೆಟ್ಟಿಗೆ ಮಾಡ್ಸಿ, ಹೆಸರು ಎಂತ ಬೇಕಾರೂ ಇಡಿ. ತಿಂಗಳ ಅಕ್ಕಿ ಮಾತ್ರ ಬರ್ಲಿ."

"ಪ್ರಸಾದ ಆಗ್ಹೋತಲ ತಂಗಿ?"

"ಇವರ ಪ್ರಸಾದ ನನ್ನ ಹತ್ರ ಕೇಳಿ. ಎಡವೂ ಬಿತ್ತು, ಬಲವೂ ಬಿತ್ತು."

ಸಾಹುಕಾರರು ನಗಲು ಹೋಗಿ ನೋವಾಗಿ ಮೂಗು ಹಿಡಿದುಕೊಂಡರು. ಅಷ್ಟರಲ್ಲಿ ಹಿಂದೆ ಯಾರೋ ಬಂದ ಹಾಗಾಯಿತು. ತಿರುಗಿ ನೋಡಿದರೆ ನಮ್ಮ ಮೇಳದ ಮದ್ದಲೆಯವರು, ತಲೆ ತಗ್ಗಿಸಿಕೊಂಡು. ಅವರ ಬೆನ್ನಿಗೆ ಅವರ ಹೆಂಡತಿ, ತಲೆಯ ಮೇಲೆ ಮದ್ದಲೆ. ಅವಳೂ ಗಂಡನನ್ನು ಹತ್ತಿಸಿದಳು.

ಭಾರ ಹೆಚ್ಚಾಗಿ ದೋಣಿ ಕೆಸರಿನಲ್ಲಿ ಕೂತಿತು. ಅಂಬಿಗ ಬಿದಿರ ಗಳ ಊರಿ ನೋಡಿದ, ಅಲುಗಲಿಲ್ಲ. ಅವಳೂ ನಾನೂ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿಗಿಳಿದು, ಹಿಂದಿನಿಂದ ಹೆಗಲು ಕೊಟ್ಟು ದೂಡಿದೆವು.