ಎರಡು ಸೂಜಿಯ ಹೊಲಿಗೆ

ಆಯುಷ್ಯದಲ್ಲಿ ಒಮ್ಮೆಯೂ ಚರ್ಮದ ಪರ್ಸನ್ನು ಜೇಬಿಗಿಳಿಸದ ನಾನು, ಈ ಇಳಿವಯಸ್ಸಿನಲ್ಲಿ, ಫ್ರಾನ್ಸಿನ ಅತಿ ದುಬಾರಿ ಚರ್ಮದ ಚೀಲಗಳನ್ನು ಮಾಡುವ ಮನೆತನವೊಂದರ ಚರಿತ್ರೆಯನ್ನು ಆದ್ಯಂತ ಬಲ್ಲೆನೆಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನನ್ನ ಬಸ್ ಪಾಸು ಇಂದಿಗೂ ನನ್ನಾಕೆ ಹಳೆಯ ರವಿಕೆಯ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲದಲ್ಲಿಯೇ ಇರುತ್ತದೆ. ಲಂಡನ್ನಿನ ಹ್ಯಾರೋದ ಬಸ್ ಚಾಲಕರಿಗೆ ಅದರ ಜರಿಯ ಅಂಚು ಪರಿಚಿತ. ಆ ಮನೆತನದ ಹೆಸರನ್ನು ಮಾತ್ರ ಹೇಳಲಾರೆ. ವೇದಪಾಠದಲ್ಲಿ ಪಳಗಿದ ನಾಲಿಗೆಯೂ ಅಲ್ಲಿ ಎಡವುತ್ತದೆ, ಮೊಮ್ಮಗಳು ಮುಖ ತಿರುಗಿಸಿಕೊಂಡು ನಗುತ್ತಾಳೆ.

ಮೊಮ್ಮಗಳ ಹೆಸರು ನಿಧಿ. ಅವಳ ತಂದೆ, ಎಂದರೆ ನನ್ನ ಮಗ ಶ್ರೀಧರ, ಇಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸರ್ಜನ್. ನಿಧಿಯೂ ಡಾಕ್ಟರಾಗುವಳೆಂದು ನಮ್ಮ ಬಳಗ ಅವಳ ನಾಮಕರಣದಂದೇ ತೀರ್ಮಾನಿಸಿತ್ತು. ಅವಳು ಡಿಸೈನ್ ಓದಲು ಹೊರಟಾಗ, ಸೀರೆ ರವಿಕೆಗಳ ವಿಷಯವಿರಬೇಕೆಂದು ಎಲ್ಲರೂ ಸಮಾಧಾನಪಟ್ಟುಕೊಂಡೆವು. ಓದು ಮುಗಿಯುತ್ತಿದ್ದಂತೆ ಆ ಫ್ರೆಂಚ್ ಮನೆತನದ ಪ್ಯಾರಿಸ್ಸಿನ ಕಾರ್ಯಾಗಾರದಿಂದ ಅವಳಿಗೆ ಕರೆ ಬಂತು. ಅಲ್ಲಿಗೆ ಹೋಗಿ ಚರ್ಮದ ಚೀಲ ಹೊಲಿಯುವುದನ್ನು ಕಲಿಯಬಹುದು. ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕು.

ಮಗನಿಗೆ ಮನಸ್ಸಿರಲಿಲ್ಲ. ಆದರೆ ತನ್ನ ಅಸಮ್ಮತಿಯ ಭಾರವನ್ನು ಜಾಣತನದಿಂದ ನನ್ನ ಹೆಗಲಿಗೆ ದಾಟಿಸಿದ.

"ತಾತ ದಿನಾ ಪೂಜೆ ಮಾಡೋ ಮನೆ ಕಣೇ ಇದು. ಚರ್ಮದ ಕೆಲಸ ಅಂದ್ರೆ ಅವರಿಗೆ ಹೇಗನಿಸುತ್ತೆ? ಅವರು ಹ್ಞೂಂ ಅಂದ್ರೆ ಹೋಗು."

"ಫೈನ್, ಡ್ಯಾಡ್. ತಾತನ್ನೇ ಕೇಳ್ತೀನಿ. ಬಟ್ ಅವರು ಹ್ಞೂಂ ಅಂದಮೇಲೆ ನೀನು ಜಿಪಿ ಡಾಕ್ಟರ್ ಥರ ಸೆಕೆಂಡ್ ಒಪಿನಿಯನ್‌ಗೆ ಕಳಿಸಬಾರದು," ಎಂದಳು ನಿಧಿ.

ಹೀಗೆ ಅನಪೇಕ್ಷಿತವಾಗಿ ನ್ಯಾಯಪೀಠವನ್ನೇರಿದ ನಾನು, ಬೇಡವೆನ್ನಲು ಶಾಸ್ತ್ರದಲ್ಲಿ ಆಧಾರವನ್ನು ಹುಡುಕಹೊರಟೆ. ನಿಷೇಧದ ಮಾತುಗಳೇನೋ ಸಿಕ್ಕವು. ಆದರೆ ಅವುಗಳ ಬೆನ್ನಲ್ಲೇ ತಪಸ್ವಿಗಳು ಜಿಂಕೆಯ ಚರ್ಮದ ಮೇಲೆ ಕುಳಿತು ನನ್ನನ್ನು ನೋಡಿದರು. ಭಜನೆಗೆ ಕೂತರೆ ಚರ್ಮ ಬಿಗಿದ ಮೃದಂಗ. ನನ್ನ ಉಪನಯನದಂದು ಜನಿವಾರದೊಡನೆ ಕೃಷ್ಣಾಜಿನದ ತುಂಡೊಂದನ್ನು ಕಟ್ಟಿದ್ದು ಕೂಡ ಆಗಲೇ ನೆನಪಾಗಬೇಕೆ? ನಮ್ಮ ಕಡೆಯ ಸಾಕ್ಷಿಗಳೇ ಎದುರು ಪಕ್ಷಕ್ಕೆ ನುಡಿದರೆ ನ್ಯಾಯಾಧೀಶನಾದರೂ ಏನು ಮಾಡಿಯಾನು?

ಮರುದಿನ ನನ್ನ ಸಂಧ್ಯಾವಂದನೆ ಮುಗಿಯುವುದನ್ನೇ ಕಾದಿದ್ದ ನಿಧಿ, ಆ ಮನೆತನದ ಕಥೆಯನ್ನು ಆರಂಭಿಸಿದಳು. ಅವಳ ಅರೆಗನ್ನಡವನ್ನು ನನ್ನ ಕನ್ನಡಕ್ಕೆ ತಂದು ಹೇಳುತ್ತೇನೆ. ಮೂಲಪುರುಷನು ಪ್ಯಾರಿಸ್ಸಿನಲ್ಲಿ ಸಾರೋಟಿನ ಕುದುರೆಗಳಿಗೆ ಲಗಾಮು, ಪಟ್ಟಿಗಳನ್ನು ಹೊಲಿಯುತ್ತಿದ್ದವನು. ಮಗನ ಕಾಲಕ್ಕೆ ಜೀನುಗಳೂ ಸೇರಿ, ಅರಮನೆಗಳವರೆಗೆ ಹೆಸರು ಹೋಯಿತು. ಮೊಮ್ಮಗನ ಕಾಲಕ್ಕೆ ಬೀದಿಗೆ ಮೋಟಾರು ಬಂತು, ಕುದುರೆಗಳು ಮರೆಯಾಗತೊಡಗಿದವು. ಲಗಾಮಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುವಾಗ ಈ ಮನೆಯವರು ಯೋಚಿಸಿದರು: ಕುದುರೆ ಹೋಯಿತು, ನಿಜ, ಆದರೆ ಪ್ರಯಾಣಿಕ ಉಳಿದಿದ್ದಾನಲ್ಲ. ಜೀನು ಹೊಲಿದ ಕೈಗಳೇ ಅದೇ ಹೊಲಿಗೆಯಲ್ಲಿ ಪ್ರಯಾಣದ ಚೀಲಗಳನ್ನು ಹೊಲಿದವು, ಅನಂತರ ಹೆಂಗಸರ ಕೈಚೀಲಗಳನ್ನು. ಆಮೇಲೆ ರೇಷ್ಮೆಯ ಕಂಠವಸ್ತ್ರಗಳೂ ಬಂದವು; ಬೀದಿ ಬಿಟ್ಟ ಕುದುರೆಗಳು ಅವುಗಳ ಮೇಲೆ ಇಂದಿಗೂ ಓಡುತ್ತಿವೆಯಂತೆ.

ಕೇಳುತ್ತ ಕೇಳುತ್ತ ನನ್ನದೇ ಕಥೆ ನೆನಪಾಯಿತು. ಮೈಸೂರಿನ ಪಾಠಶಾಲೆಯಲ್ಲಿ ಅಶ್ವಮೇಧದ ಮಂತ್ರಗಳನ್ನೂ ಕಂಠಸ್ಥ ಮಾಡಿದವನು ನಾನು. ಆ ಯಾಗ ಮಾಡಿಸುವ ರಾಜರಿಲ್ಲ; ಕುದುರೆಗಳನ್ನು ಕಂಡದ್ದು ದಸರೆಯ ಮೆರವಣಿಗೆಯಲ್ಲಿ. ಆದರೂ ಭಾನುವಾರದ ಬೆಳಗ್ಗೆ ಇಲ್ಲಿಯ ಕಮ್ಯುನಿಟಿ ಹಾಲಿನಲ್ಲಿ ಮಕ್ಕಳಿಗೆ ಅದೇ ಸ್ವರಗಳನ್ನು ಕಲಿಸುತ್ತೇನೆ, ಹೊರಗೆ ಅವರ ತಂದೆಯರು ಪಾರ್ಕಿಂಗ್ ಹುಡುಕುತ್ತಿರುತ್ತಾರೆ. ನಾನೂ ಕುದುರೆ ಹೋದ ಮೇಲೆ ಉಳಿದ ಲಗಾಮಿನವನೇ ಸರಿ.

ಆಮೇಲೆ ನಿಧಿ ಹೊಲಿಗೆಯನ್ನು ತೋರಿಸಿದಳು. ಜೇನುಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ, ಒಂದೇ ತೂತಿನಲ್ಲಿ ಹಾದುಹೋಗಬೇಕು. "ಒಂದು ಕಡೆ ಕಟ್ಟಾದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ, ತಾತ. ಮೆಷಿನ್ ಹೊಲಿಗೆ ಆದ್ರೆ ಎಲ್ಲಾ ಬಿಚ್ಕೊಂಡು ಹೋಗುತ್ತೆ."

ಇದನ್ನು ನಾನು ಎಲ್ಲಿಯೋ ಬಲ್ಲೆನಲ್ಲ ಎನಿಸಿತು. ವೇದ ಹೇಳುವ ಜಟಾಪಾಠದ ಕ್ರಮವೂ ಇದೇ. ಮೊದಲ ಪದ, ಎರಡನೆಯ ಪದ, ಹಿಂದಿರುಗಿ ಎರಡನೆಯದು, ಮೊದಲನೆಯದು, ಮತ್ತೆ ಮುಂದಕ್ಕೆ. ಒಂದು ಕಡೆ ನೆನಪು ತಪ್ಪಿದರೂ ಇನ್ನೊಂದು ಕಡೆಯಿಂದ ಹಿಡಿದು ನಿಲ್ಲಿಸಲೆಂದು ಹಿರಿಯರು ಮಂತ್ರಗಳನ್ನು ಹೀಗೆ ಹೆಣೆದರು. ಒಂದೆರಡು ಪದಗಳನ್ನು ಹೇಳಿ ತೋರಿಸಿದೆ. ನಿಧಿ ನನ್ನ ಸ್ವರದ ಗತಿಗೆ ಸರಿಯಾಗಿ ಸೂಜಿಗಳನ್ನು ದಾಟಿಸಿದಳು. ನನ್ನ ತೀರ್ಪು ಅಲ್ಲಿಯೇ ಆಗಿಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಅದನ್ನು ಪ್ರಕಟಿಸಿದೆ. ಮಗ ಸಾರಿನ ಬಟ್ಟಲನ್ನು ಕೆಳಗಿಟ್ಟ. "ಅಣ್ಣಾ, ನೀವೇ ಹೀಗಂದ್ರೆ ಹೇಗೆ? ಇಡೀ ದಿನ ಚರ್ಮ ಹೊಲಿಯೋದು…"

ಬಡಿಸುತ್ತಿದ್ದ ನನ್ನಾಕೆ ಸೌಟನ್ನು ಹಿಡಿದೇ ಕೇಳಿದಳು: "ನೀನು ಆಸ್ಪತ್ರೇಲಿ ಇಡೀ ದಿನ ಏನು ಹೊಲೀತೀಯೋ, ಶ್ರೀಧರ? ರೇಷ್ಮೆ ಸೀರೆನಾ?"

"ಅಮ್ಮಾ, ಅದು ಬೇರೆ."

"ಬೇರೆ ಅಂತ ನಂಗೂ ಗೊತ್ತು. ಅವಳು ಹೊಲಿಯೋದು ನೋವು ಅಂತ ಕೂಗಲ್ಲ."

ಸರ್ಜನ್ ಮಹಾಶಯನು ನಕ್ಕುಬಿಟ್ಟ. ನಗು ಬಂದ ಮೇಲೆ ಯಾರೂ ಬೇಡವೆನ್ನಲಾರರು.

ಶುಕ್ರವಾರ ಬೆಳಗ್ಗೆ ಒಪ್ಪಿಗೆಯ ಇಮೇಲ್ ಇನ್ನೂ ಹೋಗಿರಲಿಲ್ಲ. ನಾನು ಪೂಜೆಗೆ ಅಣಿಮಾಡುತ್ತಿದ್ದಾಗ ನಿಧಿ ದೇವರ ಕೋಣೆಯ ಹೊಸ್ತಿಲಾಚೆಯೇ ನಿಂತಳು.

"ತಾತ, ರಜಕ್ಕೆ ಬಂದಾಗ ನಾನು ಒಳಗೆ ಬರಬಹುದಾ? ಐ ಮೀನ್, ಈ ಕೈಯಲ್ಲಿ ನಿಮಗೆ ಹೂವು ಕೊಡಬಹುದಾ?"

ಅವಳು ಇಷ್ಟು ದಿನ ಕೇಳಬೇಕೆಂದಿದ್ದುದು ಇದನ್ನು. ಪ್ಯಾರಿಸ್ಸಿಗೆ ಹೋಗಲು ಅವಳಿಗೆ ನನ್ನ ಅಪ್ಪಣೆ ಬೇಕಿರಲಿಲ್ಲ; ಮರಳಿ ಬರಲು ಬೇಕಾಗಿತ್ತು. ಕಲಿತ ಶ್ಲೋಕಗಳಲ್ಲಿ ಒಂದೂ ನನ್ನ ನಾಲಿಗೆಗೆ ಬರಲಿಲ್ಲ, ಬಾರದಿದ್ದುದೇ ಲೇಸಾಯಿತು.

"ಕೈ ತೊಳ್ಕೊಂಡು ಬಾರಮ್ಮ. ನಿಮ್ಮಪ್ಪ ಹಾಗೇ ಬರ್ತಾನೆ. ನಾನೂ ಹಾಗೇ ಬರೋದು," ಎಂದೆ.

ಕೈ ತೊಳೆದು ಬಂದು ಹೂವಿನ ತಟ್ಟೆಯನ್ನು ಹಿಡಿದು ಪಕ್ಕದಲ್ಲಿ ಕುಳಿತಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಗುರುತುಗಳಿದ್ದವು. ಅವಳು ಒಂದೊಂದಾಗಿ ಎತ್ತಿಕೊಟ್ಟಂತೆ ನಾನು ಒಂದೊಂದಾಗಿ ಏರಿಸಿದೆ. ದೇವರು ಯಾವ ಹೂವನ್ನೂ ಹಿಂದಿರುಗಿಸಲಿಲ್ಲ.