ಮುಂದಿನ ಎರಡು ಹಲ್ಲು

ನನಗೆ ಮೂರ್ಛೆ ಬರುತ್ತಿತ್ತು. ಅದು ಹೇಗಿರುತ್ತದೆಂದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಒಲೆ ಮುಂದೆ ಕೂತಿರುತ್ತಿದ್ದೆ, ಆಮೇಲೆ ಅಂಗಳದಲ್ಲಿ ಮಲಗಿರುತ್ತಿದ್ದೆ. ನಡುವಿನದನ್ನು ಬೇರೆಯವರೇ ಹೇಳಬೇಕು.

ಅರವತ್ತರ ದಶಕ ಮುಗಿಯುತ್ತಿತ್ತು, ನನಗೆ ಹದಿನಾಲ್ಕು. ಮರಾಠಿ ಗಡಿಯ ಡಫಳಾಪುರದ ಆಚೆ ಕುರಿ ಕಾಯುವ ಮನೆ ನಮ್ಮದು. ಮೂರ್ಛೆ ಬಂದವರು ನಾಲಿಗೆ ನುಂಗಿ ಸಾಯುತ್ತಾರೆಂದು ಎಲ್ಲರೂ ನಂಬಿದ್ದರು, ಅಪ್ಪ ಎಲ್ಲರಿಗಿಂತ ಹೆಚ್ಚು. ಒಂದು ದಿನ ನಾನು ಹಲ್ಲು ಕಚ್ಚಿಕೊಂಡು ಬಿದ್ದಾಗ, ಕುರಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದು ಬಾಯಿಗೆ ತುರುಕಿ ಮೀಟಿದ. ಕುರಿಯ ಬಾಯಿ ತೆರೆದು ರೂಢಿಯಾದ ಕೈ. ಕುರಿಗೆ ಮೇಲೆ ಮುಂದಿನ ಹಲ್ಲೇ ಇರುವುದಿಲ್ಲ, ಬರೀ ವಸಡು. ನನಗೆ ಇದ್ದವು. ಎರಡು ಹೋದವು.

ಎಚ್ಚರವಾದಾಗ ಅವ್ವ ಅವನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತಿದ್ದಳು. ನೋವು ತಡವಾಗಿ ಬಂತು, ಅಳು ಬರಲೇ ಇಲ್ಲ.

"ಜೀವ ಉಳೀತಲ್ಲ, ಹಲ್ಲೇನ್ ದೊಡ್ಡದು ಬಿಡ," ಅಂದಳು ಅಪ್ಪನ ಅಕ್ಕ. ಅಬ್ಬಾ, ಅವಳ ಬಾಯಲ್ಲಿ ಮೂವತ್ತೆರಡೂ ಗಟ್ಟಿಯಾಗಿದ್ದವು! ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಅವಳ ಮೇಲೆ.

ಮಿರಜದ ಡಾಕ್ಟರು ಮರಾಠಿಯಲ್ಲಿ ಅಪ್ಪನಿಗೆ ಚೆನ್ನಾಗಿ ಉಗಿದರು. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ ಸುಮ್ಮನೆ ಕೂತಿರಿ. ಇನ್ನೊಮ್ಮೆ ಬಾಯಿಗೆ ಕಟ್ಟಿಗೆ, ಕಬ್ಬಿಣ, ಚಮಚ ತುರುಕಿದರೆ ಉಳಿದ ಹಲ್ಲುಗಳೂ ಹೋಗುತ್ತವೆ. ಅಪ್ಪ ಪ್ರತಿ ಮಾತಿಗೂ ಗೋಣು ಹಾಕಿದ. ಮಾತ್ರೆ ತಗೊಂಡು ಎಸ್‌ಟಿ ಬಸ್ಸು ಹತ್ತಿದೆವು.

"ಇನ್ನ ಹಂಗ ಮಾಡಬ್ಯಾಡಪಾ," ಅಂದೆ.

"ಇಲ್ಲವ್ವಾ, ನಿನ್ನಾಣಿ."

ಮನೆ ಮುಟ್ಟುವವರೆಗೆ ನನ್ನ ನಾಲಿಗೆ ಆ ಖಾಲಿ ಜಾಗಕ್ಕೆ ಹೋಗಿ ಬರುತ್ತಿತ್ತು.

ಮಾತ್ರೆ ನುಂಗುತ್ತಿದ್ದರೂ ಜೋಳದ ರಾಶಿ ಹೊತ್ತಿಗೆ ಮತ್ತೆ ಬಂತು. ಕಣ್ಣು ಬಿಟ್ಟಾಗ ಮಗ್ಗುಲಾಗಿ ಮಲಗಿದ್ದೆ, ಬಾಯಿ ತುಂಬ ರಕ್ತ. ಹೋದವು ಅಂದುಕೊಂಡು ನಾಲಿಗೆಯಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿದೆ. ಎಲ್ಲ ಇದ್ದವು. ನಾಲಿಗೆಯೂ ಸರಿಯಿತ್ತು.

ಅಪ್ಪ ಪಕ್ಕದಲ್ಲೇ ಕೂತಿದ್ದ. ಬಲಗೈಗೆ ರುಮಾಲು ಸುತ್ತಿಕೊಂಡಿದ್ದ, ಅದು ಕೆಂಪಗೆ ತೊಯ್ದಿತ್ತು.

"ಕಟ್ಟಿಗಿ ಇಟ್ಟಿಲ್ಲವ್ವಾ," ಅಂದ, ತಪ್ಪು ಮಾಡಿ ಸಿಕ್ಕವನ ದನಿಯಲ್ಲಿ. "ಕಬ್ಬಿಣಾನೂ ಇಟ್ಟಿಲ್ಲ. ಸುಮ್ನ ಕುಂದ್ರಾಕ ಆಗಲಿಲ್ಲ. ಬೆರಳ ಇಟ್ಟೆ."

ರುಮಾಲು ಬಿಚ್ಚಿ ನೋಡಿದೆ. ತೋರುಬೆರಳಿನ ತುದಿ ಚರ್ಮದಲ್ಲಿ ಜೋತಾಡುತ್ತಿತ್ತು. ಕಚ್ಚಿದ್ದು ನಾನು, ನೆನಪು ಮಾತ್ರ ನನಗಿಲ್ಲ.

"ನೋವಾತೇನಪಾ?" ಅಂದೆ.

"ಅದಿರಲಿ," ಅಂದ ಅಪ್ಪ. "ನಿನ್ನ ಹಲ್ಲ ಅಲಗಾಡ್ತಾವೇನು ನೋಡ."